ಅತ್ತೆಯ ಒಂಟಿ ಕಾಲುಚೀಲ

ನನ್ನ ಅತ್ತೆ ಇಪ್ಪತ್ತಾರು ವರ್ಷ ಒಂದೇ ರೆಸ್ಟೋರೆಂಟಿನ ಅಡುಗೆಮನೆಯಲ್ಲಿ ಒಂದೇ ಥರದ ಬ್ರೆಡ್ಡು ಮಾಡಿದವರು. ಸ್ಯಾಂಡ್‌ವಿಚ್ಚಿಗೆಂದೇ ಮಾಡುವ ಬ್ರೆಡ್ಡು ಅದು. ನೋಡಲು ಇಟ್ಟಿಗೆಯ ಹಾಗೆ ನಾಲ್ಕೂ ಮೂಲೆ ನೆಟ್ಟಗೆ, ಮುಟ್ಟಿದರೆ ಮಗುವಿನ ಕೆನ್ನೆಯ ಹಾಗೆ ಮೆತ್ತಗೆ. ಬೆಳಿಗ್ಗೆ ಐದೂವರೆಗೆ ಮನೆ ಬಿಟ್ಟರೆ ಮಧ್ಯಾಹ್ನ ಎರಡಕ್ಕೆ ವಾಪಸ್ಸು. ಬಂದವರು ಮೊದಲು ಮಾಡುತ್ತಿದ್ದ ಕೆಲಸವೆಂದರೆ ಎಡಗಾಲಿನ ಶೂ ಬಿಚ್ಚಿ, ಒದ್ದೆಯಾದ ಕಾಲುಚೀಲ ಹಿಂಡಿ, ಅದನ್ನು ಕಿಟಕಿಯ ಸರಳಿಗೆ ಒಣಗಲು ಹಾಕುವುದು. ಎರಡನೆಯದು, ರೆಸ್ಟೋರೆಂಟಿನಲ್ಲಿ ನೆಲ ಒರೆಸುವವಳಿಗೆ ಇಲ್ಲಿಂದಲೇ ಬೈಯುವುದು.

"ಬಕೆಟ್ ಹಿಡ್ಕೊಂಡು ನನ್ನ ಹಿಂದೆ ಹಿಂದೆನೇ ತಿರುಗ್ತಾಳೆ ಕಣೆ. ಆದ್ರೂ ನೆಲ ಒಂದಿನಾನೂ ಒಣಗಿರಲ್ಲ."

"ಬಲಗಾಲು ಯಾಕೆ ಒದ್ದೆ ಆಗಲ್ಲ ಅತ್ತೆ?" ಅಂತ ಮದುವೆಯಾದ ಹೊಸದರಲ್ಲಿ ನಾನು ಒಮ್ಮೆ ಕೇಳಿದ್ದೆ.

"ನಿಂದೊಂದು ಅಡ್ಡಪ್ರಶ್ನೆ," ಅಂದಿದ್ದರು.

ನನ್ನ ಗಂಡ ಸಣ್ಣವರಿದ್ದಾಗ ಶಾಲೆಯಿಂದ ಬರುತ್ತಾ ಬೀದಿಯ ತುದಿಯಲ್ಲೇ ನಿಂತು ನಮ್ಮ ಕಿಟಕಿ ನೋಡುತ್ತಿದ್ದರಂತೆ. ಒಂಟಿ ಕಾಲುಚೀಲ ತೂಗುತ್ತಿದ್ದರೆ ಅಮ್ಮ ಮನೆಯಲ್ಲಿದ್ದಾಳೆ, ಅವಳ ಬ್ಯಾಗಿನಲ್ಲಿ ಸ್ಯಾಂಡ್‌ವಿಚ್ಚಿಗೆ ಕೊಯ್ದು ಉಳಿದ ಬ್ರೆಡ್ಡಿನ ಅಂಚುಗಳಿವೆ ಎಂದರ್ಥ. ಆಮೇಲೆ ಮನೆತನಕ ಓಟ.

ಈ ವರ್ಷ ಅತ್ತೆ ನಿವೃತ್ತರಾದರು. ಬೀಳ್ಕೊಡುಗೆಯ ದಿನ ಅಡುಗೆಯವರು, ಬಡಿಸುವವರು, ಪಾತ್ರೆ ತೊಳೆಯುವವರು ಎಲ್ಲ ಸುತ್ತ ನಿಂತಿದ್ದರು. ಮಾಲೀಕ ಒಂದು ಗೋಡೆ ಗಡಿಯಾರ ಕೊಟ್ಟು, ನಾಲ್ಕು ಒಳ್ಳೆಯ ಮಾತಾಡಿ, ಕೊನೆಗೆ ನಗುತ್ತಾ ಹೇಳಿದನಂತೆ: "ಅಮ್ಮ ಹೋಗ್ತಾರೆ ಅಂತ ಯಾರೂ ಹೆದರಬೇಡಿ. ಬ್ರೆಡ್ಡು ಮಾಡೋದು ನಮ್ಮ ಓವನ್ನು, ನಮ್ಮ ಮಿಷನ್ನು. ಕೈ ಯಾರದಾದ್ರೇನು?" ಧೈರ್ಯ ತುಂಬಲೆಂದು ಆಡಿದ ಮಾತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅತ್ತೆಯೂ ತಟ್ಟಿದರು.

ಮನೆಗೆ ಬಂದು ಗಡಿಯಾರವನ್ನು ಸೋಫಾದ ಮೇಲೆ ಎಸೆದರು. ಆಮೇಲೆ ಬ್ಯಾಗಿನಿಂದ ತಮ್ಮ ಏಪ್ರನ್ ತೆಗೆದು, ಎಳೆಗೂಸಿಗೆ ಸುತ್ತಿದ ಬಟ್ಟೆ ಬಿಚ್ಚುವ ಹಾಗೆ ಮಡಿಕೆ ಮಡಿಕೆಯಾಗಿ ಬಿಚ್ಚಿದರು. ಒಳಗೊಂದು ಅಲ್ಯೂಮಿನಿಯಂ ಮಗ್ಗು. ಹೊಟ್ಟೆ ನೆಗ್ಗಿದೆ, ಹಿಡಿ ಸವೆದು ಹೊಳೆಯುತ್ತಿದೆ. ಕಂಠಮಟ್ಟ ತುಂಬಿದರೆ ಒಂದು ಲೀಟರು. ಇಪ್ಪತ್ತಾರು ವರ್ಷ ಹಿಟ್ಟಿಗೆ ನೀರು ಅಳೆದದ್ದು ಅದರಲ್ಲೇ.

"ಅತ್ತೆ, ಇದು ರೆಸ್ಟೋರೆಂಟಿನದಲ್ವಾ?"

"ಹೌದು."

"ಕೇಳಿ ತಂದ್ರಾ?"

"ಹೂಂ. ಮಗ್ಗನ್ನೇ ಕೇಳಿದೆ. ಬರ್ತೀನಿ ಅಂತು."

ಮಾರನೆಯ ದಿನ ಕಾಫಿ ಕುಡಿಯುತ್ತಾ ಘೋಷಣೆ ಹೊರಡಿಸಿದರು: "ಅದೇ ಬ್ರೆಡ್ಡನ್ನ ನಮ್ಮನೆ ಪುಟ್ಟ ಓವನ್ನಲ್ಲಿ ಮಾಡ್ತೀನಿ. ಮಾಡಿ, ಆ ಮನುಷ್ಯನ ಟೇಬಲ್ ಮೇಲೆ ಇಡ್ತೀನಿ. ಓವನ್ನಂತೆ, ಮಿಷನ್ನಂತೆ! ಇಷ್ಟು ವರ್ಷ ನಾನೇನು ಅಲ್ಲಿ ನೊಣ ಓಡಿಸ್ತಿದ್ನಾ?"

ಮಾತು ಜೋರಾಗಿತ್ತು, ಆದರೆ ಕಾಫಿ ಅರ್ಧ ಲೋಟದಲ್ಲೇ ಉಳಿಯಿತು. ಅಕಸ್ಮಾತ್ ಆ ಮಾಲೀಕ ಹೇಳಿದ್ದೇ ನಿಜವಾಗಿದ್ದರೆ? ಆ ಪ್ರಶ್ನೆ ಅವರ ಎದೆಯೊಳಗೆ ಮುಳ್ಳಿನ ಹಾಗೆ ಕೂತಿದೆ ಎಂದು ಅಂದೇ ನನಗೆ ಅನ್ನಿಸಿತು.

ಕೆಲಸವೇನೋ ಅವರಿಗೆ ಕರತಲಾಮಲಕ. ರೆಸ್ಟೋರೆಂಟಿನಲ್ಲಿ ಹನ್ನೆರಡು ಕಿಲೋ ಮೈದಾಕ್ಕೆ ಎಂಟು ಮಗ್ಗು ನೀರು, ಹಾಗಾಗಿ ಮನೆಯಲ್ಲಿ ಒಂದೂವರೆ ಕಿಲೋಗೆ ಒಂದು ಮಗ್ಗು. ಯೀಸ್ಟು, ಸಕ್ಕರೆ, ಉಪ್ಪು, ಹಾಲಿನ ಪುಡಿ, ಕೊನೆಗೆ ಬೆಣ್ಣೆ. ನಾದಿದ ಹಿಟ್ಟನ್ನು ಹಿಗ್ಗಿಸಿ ಬೆಳಕಿಗೆ ಹಿಡಿದರೆ ಹರಿಯದೆ, ಆಚೆಗಿರುವ ಬೆರಳು ಮಸುಕಾಗಿ ಕಾಣಬೇಕು. ಆಮೇಲೆ ಮುಚ್ಚಳ ಜಾರಿಸುವ ಎರಡು ಉದ್ದ ಡಬ್ಬಗಳಲ್ಲಿಟ್ಟು, ಅಂಚಿಗೆ ಒಂದು ಬೆರಳು ಬಾಕಿ ಇರುವಷ್ಟು ಉಬ್ಬಿದ ಮೇಲೆ ಮುಚ್ಚಳ ಹಾಕಿ ಓವನ್ನಿಗೆ. ಉಬ್ಬಲು ಹೋದ ಹಿಟ್ಟು ಮುಚ್ಚಳಕ್ಕೆ ತಲೆ ಕೊಟ್ಟು ಚೌಕವಾಗುತ್ತದೆ.

ಮೊದಲ ದಿನದ ಬ್ರೆಡ್ಡು ಡಬ್ಬದಿಂದ ಹೊರಬಂದು ಎರಡು ನಿಮಿಷ ನೆಟ್ಟಗೆ ನಿಂತಿತು. ಮೂರನೆಯ ನಿಮಿಷಕ್ಕೆ ಅದರ ಸೊಂಟ ಎರಡೂ ಕಡೆಯಿಂದ ಒಳಗೆ ಕುಸಿಯಿತು. ಆರಿದ ಮೇಲೆ ಕೊಯ್ದರೆ ಚಾಕುವಿಗೆ ಅಂಟು, ಬಾಯಿಗಿಟ್ಟರೆ ಹಲ್ಲಿಗೆ ಅಂಟು. ನನ್ನ ಗಂಡ ಒಂದು ಹೋಳನ್ನು ಬಹಳ ಹೊತ್ತು ಅಗಿದು, "ಚೆನ್ನಾಗಿದೆ ಅಮ್ಮ, ಗೋಡೆಗೆ ಚಿತ್ರ ಅಂಟಿಸಬಹುದು," ಎಂದರು. ಅವರಿಗೆ ಅಂದು ಟೀ ಸಿಗಲಿಲ್ಲ.

ಎರಡನೆಯ ಸಲವೂ ಅದೇ ಕಥೆ. ಮೂರನೆಯ ಸಲವೂ. ಓವನ್ನಿನ ಉರಿ ಬದಲಿಸಿದೆವು, ಮೈದಾ ಬದಲಿಸಿದೆವು, ಯೀಸ್ಟ್ ಬದಲಿಸಿದೆವು. ಹಿಟ್ಟು ಕೈಗಂಟುವುದು ನೋಡಿ ನಾನು, "ಅತ್ತೆ, ಇನ್ನೊಂದು ಹಿಡಿ ಮೈದಾ ಹಾಕೋಣ್ವಾ?" ಎಂದೆ.

"ಅಳತೆ ಮುರಿದ್ರೆ ಅದು ನನ್ನ ಬ್ರೆಡ್ಡಲ್ಲ. ನಿನ್ನ ಬ್ರೆಡ್ಡು. ಬೇಕಾದ್ರೆ ನೀನೇ ಮಾಡ್ಕೋ."

ನಾಲ್ಕನೆಯ ಸಲ ಅವರು ಬಚ್ಚಲಿಗೆ ಹೋದಾಗ ನಾನು ಕದ್ದು ಎರಡು ಹಿಡಿ ಮೈದಾ ಸೇರಿಸಿದೆ, ಕೈ ಜಾರಿ ಅದು ನಾಲ್ಕು ಹಿಡಿಯಾಯಿತು. ಆ ದಿನದ ಬ್ರೆಡ್ಡು ಕುಸಿಯಲಿಲ್ಲ, ನಿಜ. ಅದನ್ನು ಎತ್ತಿ ಹಾಕಿದ್ದರೆ ನೆಲ ಕುಸಿಯುತ್ತಿತ್ತು. ಅತ್ತೆ ಅದನ್ನು ಬೆರಳಿನಿಂದ ಒಮ್ಮೆ ತಟ್ಟಿ, ನನ್ನ ರವಿಕೆಯ ಮೇಲಿದ್ದ ಮೈದಾ ನೋಡಿ, ನನ್ನ ಕೈಗೊಂದು ಒರೆಸುವ ಬಟ್ಟೆ ಕೊಟ್ಟರು.

ಇದರ ನಡುವೆ ಮನೆಯಲ್ಲಿ ಇನ್ನೊಂದು ಕಾಟ. ನಮ್ಮ ಮೂರು ವರ್ಷದ ಮಗಳಿಗೆ ಮನೆಯಲ್ಲಿ ಎಲ್ಲರೂ ಕರೆಯುವುದು ಬಟಾಣಿ ಅಂತ. ಅವಳಿಗೆ ಚಡ್ಡಿಯಲ್ಲಿ ಮಾಡಬಾರದು, ಹೇಳಿ ಬಚ್ಚಲಿಗೆ ಹೋಗಬೇಕು ಎಂದು ನಾನು ಕಲಿಸುತ್ತಿದ್ದ ಕಾಲ ಅದು. ಕಲಿತೇಬಿಟ್ಟಳು ಎಂದು ಡೈರಿಯಲ್ಲಿ ಬರೆದು, ಪಕ್ಕದಲ್ಲಿ ಒಂದು ಹೂವು ಬಿಡಿಸಿದ್ದೆ. ಅದಾದ ಮೇಲೆಯೇ ಅಡುಗೆಮನೆಯ ಬಾಗಿಲ ಪಕ್ಕ, ಪುಟ್ಟ ಸ್ಟೂಲಿನ ಕೆಳಗೆ ಎರಡು ಮೂರು ದಿನಕ್ಕೊಮ್ಮೆ ನೀರು ನಿಲ್ಲತೊಡಗಿತು.

"ಬಟಾಣಿ, ಇದೇನಿದು?"

"ನಾನಲ್ಲ."

"ಮತ್ತೆ ಯಾರು, ಅಪ್ಪನಾ?"

ಅವಳು ಸ್ವಲ್ಪ ಯೋಚಿಸಿ, "ಇರಬಹುದು," ಅಂದಳು.

ಅತ್ತೆ ಹಿಟ್ಟು ನಾದಿದ ಮೇಲೆ ಅಂಟಿದ ಚಮಚಗಳನ್ನು ಮಗ್ಗಿಗೆ ಹಾಕಿ, ನೀರು ತುಂಬಿಸಿ, ಅದೇ ಸ್ಟೂಲಿನ ಮೇಲೆ ನೆನೆಯಲು ಇಡುತ್ತಿದ್ದರು. ಬಂದು ನೋಡಿದರೆ ಮಗ್ಗು ಖಾಲಿ. "ನೀರು ಚೆಲ್ಲಿದ್ದು ಯಾರು?" ಅದಕ್ಕೂ ಆರೋಪಿ ಅವಳೇ. ಮಗು "ನಾನಲ್ಲ ನಾನಲ್ಲ" ಎಂದು ಅಳುವುದು, ನಾನು ಸುಳ್ಳು ಹೇಳಬಾರದು ಎಂದು ಉಪದೇಶ ಮಾಡುವುದು. ಒಂದು ದಿನ ಅವಳನ್ನು ಮೂಲೆಯಲ್ಲಿ ನಿಲ್ಲಿಸಿದ್ದೂ ಉಂಟು. ಇದನ್ನು ಬರೆಯುವಾಗ ಈಗಲೂ ಮುಖ ಬಿಸಿಯಾಗುತ್ತದೆ.

ಆರನೆಯ ಬ್ರೆಡ್ಡು ಕುಸಿದ ದಿನ ಅತ್ತೆ ಏಪ್ರನ್ ಬಿಚ್ಚಿ ಮೊಳೆಗೆ ಹಾಕಿದರು. ಗೋಡೆಯ ಕಡೆ ನೋಡುತ್ತಾ, "ಅವನು ಹೇಳಿದ್ದೇ ಸರಿ ಇರಬೇಕು ಬಿಡೆ," ಅಂದರು. "ಅಲ್ಲಿ ಇದ್ದದ್ದಕ್ಕೆ ಆಗ್ತಿತ್ತು. ಯಾರು ನಿಂತಿದ್ರೂ ಆಗ್ತಿತ್ತೇನೋ." ಅವರು ಅಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಜಗಳವಾಡುವ ಅತ್ತೆಯನ್ನು ನಿಭಾಯಿಸುವುದು ನನಗೆ ಗೊತ್ತಿತ್ತು, ಇವರನ್ನು ಏನು ಮಾಡಬೇಕೋ ತಿಳಿಯಲಿಲ್ಲ.

ಮಾರನೆಯ ದಿನ ರೆಸ್ಟೋರೆಂಟಿಗೆ ವಾರದ ರಜೆ. ಬೆಳಿಗ್ಗೆ ಒಂಬತ್ತೂವರೆಗೆ ಕರೆಗಂಟೆ ಸದ್ದಾಯಿತು. ಕಿಂಡಿಯಿಂದ ನೋಡಿದ ಅತ್ತೆ ಬೆಂಕಿ ತುಳಿದವರ ಹಾಗೆ ಹಿಂದಕ್ಕೆ ಹಾರಿದರು.

"ತಕ್ಕಡಿ ಕಣೆ! ತಕ್ಕಡಿ ಬಂದಿದ್ದಾನೆ!"

ತಕ್ಕಡಿ ಎಂದರೆ ಅತ್ತೆಯ ಜಾಗಕ್ಕೆ ಬಂದ ಹೊಸ ಬೇಕರ್. ಕನ್ನಡಕದ, ನೀಳ ಕಾಲಿನ, ಮೂವತ್ತರ ಆಸುಪಾಸಿನ ಮನುಷ್ಯ. ಉಪ್ಪಿನಿಂದ ಹಿಡಿದು ಎಲ್ಲವನ್ನೂ ತೂಗಿಯೇ ಹಾಕುವವನು, ತೂಕದ ಯಂತ್ರವನ್ನು ಬ್ಯಾಗಿನಲ್ಲಿ ಹೊತ್ತೇ ತಿರುಗುವವನು, ಅದಕ್ಕೇ ಆ ಹೆಸರು. ಇಟ್ಟವರು ಯಾರೆಂದು ಹೇಳಬೇಕಿಲ್ಲ.

"ಬಾಗಿಲು ತೆಗೀಬೇಡ! ಇಲ್ಲ, ತೆಗಿ. ಮೊದಲು ಆ ಬ್ರೆಡ್ಡು ಬಚ್ಚಿಡು!"

ನಿನ್ನೆಯ ಸೊಂಟ ಕುಸಿದ ಬ್ರೆಡ್ಡನ್ನು ಬಟಾಣಿಯ ಆಟಿಕೆ ಬುಟ್ಟಿಗೆ ತುರುಕಿ, ಮೇಲೆ ಒಂದು ಕರಡಿಯನ್ನು ಕೂರಿಸಿದೆ. ಆಮೇಲೆ ಬಾಗಿಲು ತೆಗೆದೆ.

ತಕ್ಕಡಿ ಒಳಗೆ ಬಂದು, ಕುರ್ಚಿಯ ತುದಿಯಲ್ಲಿ ಕೂತು, ಚೀಲದಿಂದ ಪೇಪರಿನಲ್ಲಿ ಸುತ್ತಿದ್ದೊಂದನ್ನು ಟೇಬಲ್ಲಿನ ಮೇಲಿಟ್ಟ. ಬ್ರೆಡ್ಡು. ಎರಡೂ ಕಡೆಯಿಂದ ಸೊಂಟ ಕುಸಿದಿತ್ತು.

"ಅಮ್ಮಾ, ನೀವು ಹೋದಾಗಿನಿಂದ ದಿನಾ ಹೀಗೇ ಬರ್ತಿದೆ. ಹಲ್ಲಿಗೆ ಅಂಟುತ್ತೆ ಅಂತ ತಟ್ಟೆ ವಾಪಸ್ ಕಳಿಸ್ತಾರೆ. ನೀವು ಹೇಳಿದ ಅಳತೇನೇ. ಹನ್ನೆರಡು ಕಿಲೋಗೆ ಎಂಟು ಮಗ್ಗು. ಆ ಮಗ್ಗಲ್ಲಿ ಸರಿಯಾಗಿ ಒಂದು ಲೀಟರು ಹಿಡಿಯುತ್ತೆ, ನಿಮ್ಮ ಕೊನೇ ವಾರ ನಾನೇ ಅಳೆದು ನೋಡಿದ್ದೆ. ಎಂಟು ಲೀಟರು ತೂಗಿ ಹಾಕ್ತಿದ್ದೀನಿ."

ಅತ್ತೆಯ ಮುಖದಲ್ಲಿ ಒಂದೇ ಕ್ಷಣದಲ್ಲಿ ಇಷ್ಟೊಂದು ನಡೆಯಬಹುದು ಎಂದು ನನಗೆ ಗೊತ್ತಿರಲಿಲ್ಲ. ಖುಷಿಯಿಂದ ತುಟಿ ಹಿಗ್ಗಿತು. ಅದನ್ನು ಮುಚ್ಚಲು ಕೆಮ್ಮಿದರು. "ಅಯ್ಯೋ ಪಾಪ," ಎಂದರು. "ಓವನ್ನು ಅದೇ ಅಲ್ವಾ? ಮಿಷನ್ನೂ ಅದೇ ಅಲ್ವಾ?"

"ಅದೇ. ಮಗ್ಗೊಂದು ಮಾತ್ರ ಎಲ್ಲೋ ಕಳೆದುಹೋಯ್ತು."

"ಹೌದಾ! ಯಾರು ತಗೊಂಡ್ರೋ ಏನೋ," ಎನ್ನುತ್ತಿದ್ದಂತೆ ಬಟಾಣಿ ಮಗ್ಗನ್ನು ತಲೆಗೆ ಟೋಪಿ ಮಾಡಿಕೊಂಡು, ಕವಾಯತು ಮಾಡುತ್ತಾ ಹಾಲ್‌ಗೆ ಬಂದಳು.

ಬಟಾಣಿ ನೇರ ಬುಟ್ಟಿಗೆ ಹೋಗಿ ಕರಡಿಯನ್ನು ಎತ್ತಿದಳು. "ಅಜ್ಜೀ, ನಿನ್ನ ಬ್ರೆಡ್ಡು ಇಲ್ಲಿ ಮಲಗಿದೆ. ಅದಕ್ಕೂ ಹೊಟ್ಟೆನೋವು."

ನಾನು ಬ್ರೆಡ್ಡನ್ನು ತಂದು ಟೇಬಲ್ಲಿನ ಮೇಲಿಟ್ಟೆ. ಇನ್ನೇನು ಮಾಡಲಿ? ಎರಡೂ ಅಕ್ಕಪಕ್ಕ ನಿಂತವು. ಅವಳಿ ಮಕ್ಕಳ ಹಾಗಿದ್ದವು. ತಕ್ಕಡಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. "ಅಮ್ಮಾ, ನಿಮ್ಮದೂನಾ?"

"ನಂದೂ ಕಣಪ್ಪ," ಅಂದರು ಅತ್ತೆ, ಸೋತ ದನಿಯಲ್ಲಿ. "ಮಗ್ಗು ಕದ್ದದ್ದೂ ನಾನೇ. ಬೈಯೋದಿದ್ರೆ ಎರಡಕ್ಕೂ ಸೇರಿಸಿ ಒಂದೇ ಸಲ ಬೈದುಬಿಡು."

ಅವನು ಬೈಯಲಿಲ್ಲ. ಬ್ಯಾಗಿನಿಂದ ತೂಕದ ಯಂತ್ರ ತೆಗೆದು, ಖಾಲಿ ಮಗ್ಗನ್ನು ಅದರ ಮೇಲಿಟ್ಟು ಸೊನ್ನೆ ಮಾಡಿ, ಕಂಠಮಟ್ಟ ನೀರು ಸುರಿದ. ಸಾವಿರ ಗ್ರಾಂ. "ನೋಡಿ, ಸರಿಯಾಗೇ ಇದೆ," ಎಂದು ಪುಸ್ತಕದಲ್ಲಿ ಬರೆದುಕೊಂಡು ಕತ್ತೆತ್ತಿದರೆ ಒಂಬೈನೂರ ತೊಂಬತ್ತು. ಮತ್ತೆ ನೋಡಿದರೆ ಒಂಬೈನೂರ ಎಂಬತ್ತೆರಡು. ಯಂತ್ರದ ತಲೆಗೊಂದು ಮೊಟಕಿದ. ಒಂಬೈನೂರ ಎಪ್ಪತ್ತೈದು.

ಅಷ್ಟರಲ್ಲಿ ಟೇಬಲ್ಲಿನ ಕೆಳಗಿನಿಂದ ಬಟಾಣಿಯ ದನಿ ಬಂತು. ಜನ್ಮದಲ್ಲಿ ಅಷ್ಟು ಸಂತೋಷ ಅವಳಿಗೆ ಆಗಿರಲಿಲ್ಲ.

"ಅಮ್ಮಾ! ಮಗ್ಗು ಉಚ್ಚೆ ಮಾಡ್ತಿದೆ!"

ಮಗ್ಗನ್ನು ಎತ್ತಿ ನೋಡಿದೆವು. ತಳವೂ ಹೊಟ್ಟೆಯೂ ಕೂಡುವ ಕಡೆ, ಹಿಡಿಯ ಕೆಳಗೆ, ಅಕ್ಕಿಕಾಳಿನಷ್ಟು ಉದ್ದದ ಸೀಳು. ಅಂಚುಗಳು ಹಳೆಯ ಗಾಯದ ಹಾಗೆ ನುಣುಪಾಗಿದ್ದವು. ನಿನ್ನೆ ಮೊನ್ನೆ ಬಿದ್ದದ್ದಲ್ಲ ಅದು.

ಅತ್ತೆ ಆ ಸೀಳಿನ ಮೇಲೆ ಬೆರಳಾಡಿಸಿದರು. ಆಮೇಲೆ ನಿಧಾನವಾಗಿ ತಮ್ಮ ಎಡಗಾಲನ್ನು ನೋಡಿದರು.

"ನಾನು ಮಗ್ಗನ್ನ ಎಡಗೈಲಿ ಹಿಡೀತಿದ್ದೆ," ಅಂದರು. "ಕುಡಿಯೋ ನೀರಿನ ನಲ್ಲಿ ಹಿಂಬಾಗಿಲ ಹತ್ರ, ಹಿಟ್ಟಿನ ಮಿಷನ್ನು ಈ ತುದೀಲಿ. ಇಪ್ಪತ್ತೆರಡು ಹೆಜ್ಜೆ." ಹಣೆ ಚಚ್ಚಿಕೊಂಡು, "ಅಯ್ಯೋ, ಆ ನೆಲ ಒರೆಸೋಳಿಗೆ ಇಷ್ಟು ವರ್ಷ ಬೈದೆನಲ್ಲೇ!"

ನಾನು ಬಟಾಣಿಯನ್ನು ಎತ್ತಿಕೊಂಡೆ. ಸ್ಟೂಲಿನ ಕೆಳಗಿನ ನೀರು, ಖಾಲಿಯಾಗುತ್ತಿದ್ದ ಮಗ್ಗು, ಮೂಲೆಯಲ್ಲಿ ನಿಲ್ಲಿಸಿದ್ದು ಎಲ್ಲ ಒಟ್ಟಿಗೆ ನೆನಪಾಯಿತು. "ಅಮ್ಮನದು ತಪ್ಪಾಯ್ತು ಚಿನ್ನ. ನೀನಾಗಿರಲಿಲ್ಲ," ಎಂದೆ.

"ಅಪ್ಪಾನೂ ಅಲ್ಲ," ಅಂದಳು, ದೊಡ್ಡ ಮನಸ್ಸು ಮಾಡಿ.

ಈಗ ಎಲ್ಲ ಸ್ಪಷ್ಟವಾಯಿತು. ರೆಸ್ಟೋರೆಂಟಿನಲ್ಲಿ ತುಂಬಿದ ಮಗ್ಗು ಮಿಷನ್ನಿಗೆ ತಲುಪುವ ಹೊತ್ತಿಗೆ ದಾರಿಯಲ್ಲಿ ಸೋರುತ್ತಿತ್ತು. ನಮ್ಮ ಮನೆಯಲ್ಲಿ ನಲ್ಲಿಯಿಂದ ಹಿಟ್ಟಿನ ಪಾತ್ರೆಗೆ ಒಂದೂವರೆ ಹೆಜ್ಜೆ, ಸೋರಲು ಪುರುಸೊತ್ತೇ ಇಲ್ಲ. ತಕ್ಕಡಿಯಂತೂ ಪೂರ್ತಿ ಎಂಟು ಲೀಟರು ತೂಗಿಯೇ ಸುರಿಯುತ್ತಿದ್ದ. ಎರಡೂ ಕಡೆ ನೀರು ಜಾಸ್ತಿ.

ನನಗೆ ಕುಣಿಯುವಷ್ಟು ಸಂತೋಷವಾಗಿತ್ತು. ಆದರೆ ಅತ್ತೆ ಕುರ್ಚಿಯಲ್ಲಿ ಕುಸಿದು ಕೂತರು. "ಹಾಗಾದ್ರೆ ಓವನ್ನೂ ಅಲ್ಲ, ನನ್ನ ಕೈಯೂ ಅಲ್ಲ. ಇಷ್ಟು ವರ್ಷ ಆ ಬ್ರೆಡ್ಡು ಮಾಡಿದ್ದು ಒಂದು ತೂತು."

ಅವರನ್ನು ಸಮಾಧಾನ ಮಾಡುವುದು ಹೇಗೆಂದು ನಾನು ಮಾತು ಹುಡುಕುತ್ತಿದ್ದೆ. ತಕ್ಕಡಿಗೆ ಸಮಾಧಾನ ಮಾಡುವುದು ಗೊತ್ತಿಲ್ಲ, ತೂಗುವುದು ಗೊತ್ತು. "ಎಷ್ಟು ಸೋರುತ್ತೆ ಅಂತ ಮೊದಲು ನೋಡೋಣ," ಎಂದು ಮಗ್ಗು ತುಂಬಿಸಿ, ಹಾಲ್‌ನಲ್ಲಿ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ಇಪ್ಪತ್ತೆರಡು ಹೆಜ್ಜೆ ನಡೆದ. ತೂಗಿದರೆ ಒಂಬೈನೂರ ಐವತ್ತೈದು. ಇನ್ನೊಮ್ಮೆ ನಡೆದ, ಒಂಬೈನೂರ ನಲವತ್ತೊಂದು. ಮತ್ತೊಮ್ಮೆ, ಒಂಬೈನೂರ ಅರವತ್ತು. ನನ್ನನ್ನೂ ನಡೆಸಿದ. ಒಲೆಯ ಮೇಲೆ ಹಾಲಿಟ್ಟಿದ್ದೆನಾದ್ದರಿಂದ ಓಡಿದೆ, ನನ್ನದು ಲೆಕ್ಕಕ್ಕೇ ಬರಲಿಲ್ಲ.

"ಅಮ್ಮಾ, ಈಗ ನೀವು."

ಅತ್ತೆ ಒಲ್ಲದ ಮನಸ್ಸಿನಿಂದ ಎದ್ದರು. ಮಗ್ಗು ಎಡಗೈಗೆ ಬಂದದ್ದೇ ತಡ, ಬೆನ್ನು ತಾನಾಗಿ ನೆಟ್ಟಗಾಯಿತು. ಬಲಭುಜ ಸ್ವಲ್ಪ ಮುಂದೆ, ಜನರ ನಡುವೆ ದಾರಿ ಮಾಡಿಕೊಳ್ಳುವವರ ಹಾಗೆ. ನಮ್ಮ ಹಾಲ್‌ನಲ್ಲಿ ಇಲ್ಲದ ಯಾವುದೋ ಮೇಜನ್ನು ಬಳಸಿ ನಡೆದರು, ಇಲ್ಲದ ಹೊಸಿಲನ್ನು ದಾಟಿದರು. ಒಂದೇ ಹದ, ಅವಸರವೂ ಇಲ್ಲ, ಆಲಸ್ಯವೂ ಇಲ್ಲ. ಎಡಪಾದದ ಪಕ್ಕ ನೀರಿನ ಚುಕ್ಕಿಗಳು ಬೀಳುತ್ತಾ ಹೋದವು.

ಒಂಬೈನೂರ ಹದಿನೆಂಟು.

"ಇನ್ನೊಂದ್ಸಲ."

ಒಂಬೈನೂರ ಹದಿನೇಳು.

"ದಯವಿಟ್ಟು ಇನ್ನೊಂದ್ಸಲ ಅಮ್ಮ."

"ನನ್ನ ಮೊಣಕಾಲೇನು ಬಾಡಿಗೇದಾ?" ಎಂದು ಗೊಣಗುತ್ತಲೇ ನಡೆದರು. ಒಂಬೈನೂರ ಹದಿನೆಂಟು.

ತಕ್ಕಡಿ ಪೆನ್ನು ಕೆಳಗಿಟ್ಟ. "ಅಮ್ಮಾ, ತೂತು ಯಾರ ಕೈಲಿದ್ರೂ ಸೋರುತ್ತೆ. ದಿನಾ ಒಂದೇ ಅಳತೆಗೆ ಸೋರಿಸೋದು ನಿಮ್ಮೊಬ್ಬರಿಗೇ ಆಗೋದು."

ಅತ್ತೆ ಸೆರಗಿನಿಂದ ಮಗ್ಗಿನ ತಳ ಒರೆಸಿದರು, ಆಮೇಲೆ ಅದೇ ಸೆರಗಿನಿಂದ ಕಣ್ಣು. "ಏನು ನೋಡ್ತಾ ನಿಂತಿದ್ದೀಯೇ? ಮೈದಾ ತೆಗಿ," ಎಂದು ನನ್ನ ಮೇಲೆ ಗದರಿದರು. ಅಬ್ಬ, ನಮ್ಮ ಅತ್ತೆ ವಾಪಸ್ಸು ಬಂದರು.

ಅಂದು ಅತ್ತೆ ನಡೆದು ತಂದ ನೀರಲ್ಲಿ ಕಲಸಿದ ಹಿಟ್ಟು ಪಾತ್ರೆಯ ಗೋಡೆ ಬಿಟ್ಟು ತಾನೇ ಉಂಡೆಯಾಯಿತು. ಹಿಗ್ಗಿಸಿ ಬೆಳಕಿಗೆ ಹಿಡಿದಾಗ ಆಚೆ ಬಟಾಣಿಯ ಬೆರಳೂ, ಬೆರಳ ತುದಿಯ ಬೆಣ್ಣೆಯೂ ಕಂಡವು. ಓವನ್ನಿನಿಂದ ತೆಗೆದು ಮುಚ್ಚಳ ಜಾರಿಸಿದ ಮೇಲೆ ನಾವು ನಾಲ್ವರೂ ಉಸಿರು ಬಿಗಿಹಿಡಿದು ನಿಂತೆವು. ಮೂರು ನಿಮಿಷ. ಐದು ನಿಮಿಷ. ಹತ್ತು. ಸೊಂಟ ಅಲ್ಲಾಡಲಿಲ್ಲ. ಆರುವ ತನಕ ಯಾರೂ ಮುಟ್ಟಬಾರದು ಎಂದು ಅತ್ತೆ ಚಾಕು ಹಿಡಿದು ಕಾವಲು ಕೂತರು. ನಾಲ್ಕು ಗಂಟೆಗೆ ಕೊಯ್ದರು. ಹೋಳಿನ ಮೂಲೆಗಳು ಮೂಲೆಗಳಾಗಿಯೇ ಇದ್ದವು, ನಡುವೆ ಒತ್ತಿದರೆ ಬೆರಳಿನ ಗುರುತು ನಿಧಾನವಾಗಿ ತುಂಬಿಕೊಳ್ಳುತ್ತಿತ್ತು. ತಕ್ಕಡಿ ಐದು ಹೋಳು ತಿಂದ. ತೂಗದೆ.

ಹೊರಡುವಾಗ ಅತ್ತೆ ಎರಡನೆಯ ಡಬ್ಬದ ಇಡೀ ಬ್ರೆಡ್ಡನ್ನು ಬಟ್ಟೆಯಲ್ಲಿ ಸುತ್ತಿ ಅವನ ಕೈಗಿಟ್ಟರು. "ನೀನು ಒಂಬೈನೂರ ಹದಿನೆಂಟರ ಹಾಗೆ ತೂಗಿ ಹಾಕ್ಕೋ, ನಿನಗೂ ಬರುತ್ತೆ. ಇದನ್ನ ಅವನ ಟೇಬಲ್ ಮೇಲೆ ಇಡು."

"ನೀವೇ ಇಡ್ತೀನಿ ಅಂದಿದ್ರಲ್ಲ?" ಎಂದೆ ನಾನು.

"ನಾನು ಹೋದ್ರೆ ಬಾಯಿ ಸುಮ್ಮನಿರಲ್ಲ."

ತಕ್ಕಡಿ ಬಾಗಿಲಲ್ಲಿ ತಿರುಗಿ, "ಅಮ್ಮಾ, ಮಗ್ಗು?" ಎಂದ.

"ಅದು ರಿಟೈರ್ ಆಗಿದೆ," ಎಂದು ಅತ್ತೆ ಬಾಗಿಲು ಹಾಕಿದರು.

ಮಾರನೆಯ ದಿನ ಅವನು ಫೋನ್ ಮಾಡಿದ. ಮಾಲೀಕ ಒಂದು ಹೋಳನ್ನು ಬರಿದೇ ತಿಂದನಂತೆ, ಆಮೇಲೆ ಇನ್ನೊಂದು. "ಹಾಂ, ಸರಿಹೋಯ್ತಲ್ಲ! ಓವನ್ ರಿಪೇರಿ ಮಾಡಿಸಿದ್ಯಾ?" ಎಂದು ಕೇಳಿದನಂತೆ. "ಇಲ್ಲ ಸಾರ್, ಇದು ಅಮ್ಮನ ಮನೆಯ ಓವನ್ನಿನದು, ಮೈಕ್ರೋವೇವಿಗಿಂತ ಸ್ವಲ್ಪ ದೊಡ್ಡದಿದೆ ಅಷ್ಟೆ," ಅಂದನಂತೆ ಇವನು. ಮಾಲೀಕ ಮೂರನೆಯ ಹೋಳು ತಗೊಂಡನಂತೆ. ಅತ್ತೆ ಈ ಕಥೆಯನ್ನು ಫೋನಿನಲ್ಲಿ ಎರಡು ಸಲ ಹೇಳಿಸಿದರು, ಮೂರನೆಯ ಸಲ ಸ್ಪೀಕರ್ ಹಾಕಿಸಿದರು. ಅದೇ ಸಂಜೆ ಒಂದು ಬ್ರೆಡ್ಡು ಕಟ್ಟಿಕೊಂಡು ನೆಲ ಒರೆಸುವವಳ ಮನೆಗೆ ಹೋಗಿ ಬಂದರು. ಅಲ್ಲಿ ಏನು ಮಾತಾಡಿದರೋ ನಮಗೆ ಹೇಳಲಿಲ್ಲ.

ಗೋಡೆ ಗಡಿಯಾರ ಈಗ ಗೋಡೆಯ ಮೇಲಿದೆ. ಬ್ರೆಡ್ಡು ಉಬ್ಬುವ ಹೊತ್ತು ನೋಡಲು ಬೇಕಾಗುತ್ತದೆ.

"ಅತ್ತೆ, ಒಂಬೈನೂರ ಹದಿನೆಂಟು ಅಂತ ಗೊತ್ತಾಯ್ತಲ್ಲ, ಅಳತೆ ಲೋಟದಲ್ಲಿ ಸುರಿದುಬಿಡೋಣ," ಎಂದು ನಾನು ಒಮ್ಮೆ ಹೇಳಿ ನೋಡಿದೆ. ಅವರು ನನ್ನನ್ನು ನೋಡಿದ ರೀತಿಗೆ ಲೋಟವನ್ನು ಕಪಾಟಿನ ಒಳಗೆ ಇಟ್ಟುಬಿಟ್ಟೆ. ವಾರಕ್ಕೆರಡು ಸಲ ಹಾಲ್‌ನಲ್ಲಿ ಇಪ್ಪತ್ತೆರಡು ಹೆಜ್ಜೆಯ ಮೆರವಣಿಗೆ ನಡೆಯುತ್ತದೆ. ಮುಂದೆ ಅತ್ತೆ, ಎಡಗೈಯಲ್ಲಿ ಮಗ್ಗು, ಕಾಲಲ್ಲಿ ಕೆಲಸಕ್ಕೆ ಹಾಕುತ್ತಿದ್ದ ಕಾಲುಚೀಲ. ಹಿಂದೆ ಬಟಾಣಿ, ಒರೆಸುವ ಬಟ್ಟೆ ಹಿಡಿದು, ಚುಕ್ಕಿ ಚುಕ್ಕಿಗೂ ಬಗ್ಗಿ. ಈ ನೆಲ ಒರೆಸುವವಳಿಗೆ ಮಾತ್ರ ಅತ್ತೆ ಒಮ್ಮೆಯೂ ಬೈದಿಲ್ಲ.

ಮೊನ್ನೆ ಸಂಜೆ ನನ್ನ ಗಂಡ ಮಾಮೂಲಿಗಿಂತ ಬೇಗ, ಏದುಸಿರು ಬಿಡುತ್ತಾ ಮನೆಗೆ ಬಂದರು. ಏನಾಯಿತು ಎಂದು ಗಾಬರಿಯಾಗಿ ಕೇಳಿದೆ.

"ಏನಿಲ್ಲ," ಎಂದರು ಬೆವರು ಒರೆಸಿಕೊಳ್ಳುತ್ತಾ. "ಬೀದಿ ತುದಿಯಿಂದ ಕಿಟಕೀಲಿ ಕಾಲುಚೀಲ ಕಾಣಿಸ್ತು. ಅಂಚುಗಳು ಉಳಿದಿವೆ ತಾನೇ?"